ಖಾಲಿಯಿಲ್ಲದ ಫೋಲ್ಡರ್‌ನಲ್ಲೇ ಲಾರಾವೆಲ್: ಹಳೆ ಸೈಟ್ ಕಳೆಯದ ಹಾಗೆ ಹೊಸ ಪ್ರಾಜೆಕ್ಟ್ ಕೂರಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಪಿಎಚ್‌ಪಿ ಕೆಲಸ ಕೈಗೆ ಬಂದರೆ ಅದು ಖಾಲಿ ಫೋಲ್ಡರ್‌ನಿಂದ ಶುರುವಾಗುವುದು ಅಪರೂಪ. ಎಪಿಎಂಸಿಯ ದಲಾಲಿ ಅಂಗಡಿಗೋ, ಪಿ.ಜೆ. ಬಡಾವಣೆಯ ಕ್ಲಿನಿಕ್ಕಿಗೋ, ಯಾವುದೋ ಟ್ಯೂಷನ್ ಸೆಂಟರಿಗೋ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗರು ಹಿಂದೆ ಯಾವಾಗಲೋ ಬರೆದುಕೊಟ್ಟು ಹೋದ ಸೈಟ್ ಇರುತ್ತದೆ. ನಡೆಯುತ್ತಿದೆ. ಆದರೆ ಸಾಹುಕಾರರು ಹೊಸದೊಂದು ರಿಪೋರ್ಟ್ ಕೇಳಿದರೆ ಒಳಗೆ ಕೈ ಹಾಕಲು ಯಾರಿಗೂ ಧೈರ್ಯವಿಲ್ಲ. ಅದನ್ನು ಲಾರಾವೆಲ್ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್‌ಗೆ ತರಬೇಕು, ಗಿಟ್‌ನಲ್ಲಿ ದಾಖಲಾದ ಬದಲಾವಣೆಗಳ ಇತಿಹಾಸವಾಗಲಿ, ಅಪ್‌ಲೋಡ್ ಆದ ಫೋಟೊಗಳಾಗಲಿ, ದಿನಾ ಬಳಸುವ ಪುಟಗಳಾಗಲಿ ಕಳೆಯಬಾರದು.

ಆಗ ಸಾಮಾನ್ಯವಾಗಿ ಮೊದಲು ಹೊಡೆಯುವ ಕಮಾಂಡ್ ಇದು:

ಕಂಪೋಸರ್ ಕ್ರಿಯೇಟ್-ಪ್ರಾಜೆಕ್ಟ್ ಲಾರಾವೆಲ್/ಲಾರಾವೆಲ್ .

ಕೊನೆಯಲ್ಲಿರುವ ಚುಕ್ಕಿ ಎಂದರೆ ಈಗ ನಾವು ನಿಂತಿರುವ ಫೋಲ್ಡರ್. ಪಿಎಚ್‌ಪಿ ಪ್ಯಾಕೇಜುಗಳನ್ನು ಇಳಿಸುವ ಸಾಧನವಾದ ಕಂಪೋಸರ್ ತಕ್ಷಣ ಉತ್ತರಿಸುತ್ತದೆ: ಪ್ರಾಜೆಕ್ಟ್ ಡೈರೆಕ್ಟರಿ ಖಾಲಿ ಇಲ್ಲ. ಇದನ್ನು ಹೇಗಾದರೂ ಮಾಡಿ ದಾಟಿಸುವ ಆಪ್ಷನ್ ಹುಡುಕುವುದು ಬೇಡ. ಹಳೆ ಮತ್ತು ಹೊಸ ಕಡತಗಳಲ್ಲಿ ಒಂದೇ ಹೆಸರಿನವು ನಾಲ್ಕೈದು ಮಾತ್ರ ಇರುತ್ತವೆ. ಅವುಗಳಲ್ಲಿ ಯಾವುದು ಉಳಿಯಬೇಕೆಂದು ಕಂಪೋಸರ್‌ಗೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತು. ಹಾಗಾಗಿ ಪಕ್ಕದಲ್ಲಿ ಬೇರೆ ಫೋಲ್ಡರ್ ಮಾಡಿ, ಲಾರಾವೆಲ್ ಅನ್ನು ಅಲ್ಲಿಗೆ ಇಳಿಸಿ, ನೋಡಿಕೊಂಡು ಒಳಗೆ ತರುವುದೇ ಸರಿಯಾದ ದಾರಿ.

ಇಲ್ಲಿ ಕಮಾಂಡ್‌ಗಳನ್ನೂ ಕಡತದ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಬಳಸಿ. ಚುಕ್ಕಿ, ಅಡ್ಡಗೆರೆ, ಸ್ಲ್ಯಾಶ್, ಖಾಲಿ ಜಾಗ ಇಲ್ಲಿರುವ ಹಾಗೇ ಇರಲಿ. ಉದಾಹರಣೆಗೆ ಒಂದು ಮೆಕ್ಕೆಜೋಳದ ದಲಾಲಿ ಅಂಗಡಿಯ ಸೈಟ್ ಇಟ್ಟುಕೊಳ್ಳೋಣ. ಫೋಲ್ಡರ್ ಹೆಸರು 'ಮಂಡಿ'. ಒಳಗೆ ಇಂಡೆಕ್ಸ್.ಪಿಎಚ್‌ಪಿ, ಡೇಟಾಬೇಸ್ ಪಾಸ್‌ವರ್ಡ್ ಇರುವ ಡಿಬಿ.ಪಿಎಚ್‌ಪಿ, ತೂಕದ ಚೀಟಿ ಮುದ್ರಿಸುವ ಚೀಟಿ.ಪಿಎಚ್‌ಪಿ, ಲಾರಿ ರಸೀದಿಗಳ ಫೋಟೊ ತುಂಬಿದ ಅಪ್‌ಲೋಡ್ಸ್ ಫೋಲ್ಡರ್, ವೆಬ್ ಸರ್ವರ್ ಅಪಾಚೆಗೆ ನಿಯಮ ಹೇಳುವ ಒಂದು .ಎಚ್‌ಟಿಆ್ಯಕ್ಸೆಸ್, ಜೊತೆಗೆ .ಗಿಟ್.

ಮೊದಲು ಒಳಗೇನಿದೆ ನೋಡಿ

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಖಾಲಿ ಕಾಣುವ ಫೋಲ್ಡರ್ ಕೂಡ ಕಂಪೋಸರ್ ಕಣ್ಣಿಗೆ ಖಾಲಿ ಇರಲಿಕ್ಕಿಲ್ಲ. ಚುಕ್ಕಿಯಿಂದ ಶುರುವಾಗುವ ಅಡಗಿದ ಕಡತಗಳನ್ನೂ .ಗಿಟ್ ಫೋಲ್ಡರ್ ಅನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಲಿನಕ್ಸ್‌ನಲ್ಲಿ ಎಲ್‌ಎಸ್ -ಎಲ್‌ಎ, ವಿಂಡೋಸ್‌ನಲ್ಲಿ ಡಿಐಆರ್ /ಎ ಕೊಟ್ಟರೆ ಎಲ್ಲವೂ ಕಾಣುತ್ತದೆ.

ಗಿಟ್ ಇದ್ದರೆ ಸ್ಟೇಟಸ್ ನೋಡಿ, ಬಾಕಿ ಇರುವುದನ್ನೆಲ್ಲ ಕಮಿಟ್ ಮಾಡಿ, ಈ ಕೆಲಸಕ್ಕೆಂದೇ ಬೇರೆ ಬ್ರ್ಯಾಂಚ್ ತೆಗೆಯಿರಿ. ಗಿಟ್ ಇಲ್ಲದಿದ್ದರೆ ಈಗಲೇ ಶುರು ಮಾಡಿ. ಇಡೀ ಫೋಲ್ಡರ್ ಅನ್ನೂ ಡೇಟಾಬೇಸಿನ ಎಕ್ಸ್‌ಪೋರ್ಟ್ ಅನ್ನೂ ಬೇರೆ ಡ್ರೈವ್‌ಗೆ ಹಾಕಿಕೊಳ್ಳಿ. ಲೈವ್ ಸರ್ವರ್‌ನಲ್ಲಿರುವ ಫೋಲ್ಡರ್‌ನಲ್ಲಿ ನೇರವಾಗಿ ಇದನ್ನು ಮಾಡಬೇಡಿ. ಸುಗ್ಗಿ ಟೈಮಿನಲ್ಲಿ ಯಾರ್ಡಿನೊಳಗೆ ಲಾರಿ ಸಾಲುಗಟ್ಟಿ ನಿಂತಿರುವಾಗ ಚೀಟಿ ಮುದ್ರಣ ನಿಂತರೆ ಹಮಾಲರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರೂ ನಿಮ್ಮ ನಂಬರಿಗೇ ಫೋನ್ ಮಾಡುತ್ತಾರೆ.

ಪಿಎಚ್‌ಪಿ ಮತ್ತು ಕಂಪೋಸರ್ ತಯಾರಿದೆಯೇ

ಪಿಎಚ್‌ಪಿ -ವಿ ಕೊಟ್ಟು ಆವೃತ್ತಿ ನೋಡಿ. ಲಾರಾವೆಲ್ 11 ಮತ್ತು 12 ಎರಡಕ್ಕೂ ಕನಿಷ್ಠ ಪಿಎಚ್‌ಪಿ 8.2 ಬೇಕು. ಇಲ್ಲೊಂದು ಸೂಕ್ಷ್ಮವಿದೆ. ನಿಮ್ಮ ಪಿಎಚ್‌ಪಿ ಅದಕ್ಕಿಂತ ಹಳೆಯದಾಗಿದ್ದರೆ ಕಂಪೋಸರ್ ಕೆಲಸ ನಿಲ್ಲಿಸದೆ, ಆ ಪಿಎಚ್‌ಪಿಗೆ ಹೊಂದುವ ಹಳೆ ಲಾರಾವೆಲ್ ಅನ್ನು ಇಳಿಸಿಬಿಡಬಹುದು. ಎಚ್ಚರಿಕೆಯ ಸಾಲು ಬಂದರೂ ಉದ್ದದ ಔಟ್‌ಪುಟ್‌ನಲ್ಲಿ ಕಣ್ತಪ್ಪುತ್ತದೆ. ಅದಕ್ಕೇ ಆವೃತ್ತಿಯನ್ನು ನಾವೇ ಬರೆದುಕೊಡುವುದು ಒಳ್ಳೆಯದು.

ಅಪಾಚೆ, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಕೊಡುವ ಜ್ಯಾಂಪ್ ಬಳಸುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಟರ್ಮಿನಲ್‌ನಲ್ಲಿ ಓಡುವ ಪಿಎಚ್‌ಪಿಯೂ ಅಪಾಚೆ ಬಳಸುವ ಪಿಎಚ್‌ಪಿಯೂ ಬೇರೆ ಬೇರೆ ಇರಬಹುದು. ಪಿಎಚ್‌ಪಿ --ಐಎನ್‌ಐ ಕೊಟ್ಟರೆ ಟರ್ಮಿನಲ್‌ನ ಪಿಎಚ್‌ಪಿ ಯಾವ ಪಿಎಚ್‌ಪಿ.ಐಎನ್‌ಐ ಓದುತ್ತಿದೆ ಎಂದು ತಿಳಿಯುತ್ತದೆ. ಆ ಕಡತದಲ್ಲಿ ಜಿಪ್ ಎಕ್ಸ್‌ಟೆನ್ಷನ್ ಸಾಲಿನ ಮುಂದೆ ಅರ್ಧವಿರಾಮದ ಗುರುತಿದ್ದರೆ ತೆಗೆದುಹಾಕಿ. ಜಿಪ್ ಬಿಚ್ಚುವ ದಾರಿ ಸಿಗದಿದ್ದರೆ ಕಂಪೋಸರ್ ಪ್ರತಿ ಪ್ಯಾಕೇಜನ್ನೂ ಗಿಟ್ ಮೂಲಕ ಕ್ಲೋನ್ ಮಾಡಲು ಹೋಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದು ಮುಗಿಯುವ ಮಾತಲ್ಲ. ಎಂಬಿಸ್ಟ್ರಿಂಗ್, ಓಪನ್‌ಎಸ್‌ಎಸ್‌ಎಲ್, ಫೈಲ್‌ಇನ್ಫೋ, ಪಿಡಿಒ ಮೈಎಸ್‌ಕ್ಯೂಎಲ್ ಇವೆಯೇ ಎಂದು ಪಿಎಚ್‌ಪಿ -ಎಂ ಹೇಳುತ್ತದೆ. ಕೋಡ್‌ಇಗ್ನೈಟರ್ 4 ಹಾಕುವವರಿಗೆ ಇಂಟ್ಲ್ ಎಕ್ಸ್‌ಟೆನ್ಷನ್ ಕೂಡ ಬೇಕು.

ಹಳೆಯದನ್ನು ಒಂದು ಕಡೆ ಸೇರಿಸಿ

'ಮಂಡಿ' ಒಳಗೆ 'ಹಳೆ' ಎಂಬ ಫೋಲ್ಡರ್ ಮಾಡಿ, ಇರುವ ಎಲ್ಲ ಕಡತಗಳನ್ನು ಅದಕ್ಕೆ ಸರಿಸಿ. ಲಿನಕ್ಸ್‌ನಲ್ಲಿ ಗಿಟ್ ಎಂವಿ ಬಳಸಬಹುದು. ವಿಂಡೋಸ್‌ನಲ್ಲಾದರೆ ಮೌಸ್‌ನಿಂದ ಎಳೆದು ಹಾಕಿ, ಆಮೇಲೆ ಗಿಟ್ ಆ್ಯಡ್ -ಎ (ದೊಡ್ಡಕ್ಷರದ ಎ) ಕೊಟ್ಟರೂ ಸಾಕು. ಕಡತದ ಒಳಗಿನದು ಬದಲಾಗದಿದ್ದರೆ ಜಾಗ ಬದಲಾದದ್ದನ್ನು ಗಿಟ್ ತಾನೇ ಗುರುತಿಸುತ್ತದೆ. ಸರಿಸುವಾಗ .ಗಿಟ್ ಫೋಲ್ಡರ್ ಮಾತ್ರ ಅಲ್ಲೇ ಬಿಡಿ. ಅಡಗಿದ ಕಡತ ತೋರಿಸುವ ಸೆಟ್ಟಿಂಗ್ ಹಾಕಿಟ್ಟು ಎಲ್ಲವನ್ನೂ ಆಯ್ಕೆ ಮಾಡಿದರೆ ಅದೂ ಜೊತೆಗೆ ಹೋಗುತ್ತದೆ. ಹಳೆ .ಗಿಟ್‌ಇಗ್ನೋರ್ ಇದ್ದರೆ ಅದೂ ಹೊರಗೇ ಇರಲಿ.

ಈ ಸ್ಥಿತಿಯಲ್ಲಿ ಒಂದು ಕಮಿಟ್ ಮಾಡಿ. ಸರಿಸಿದ್ದು ಬೇರೆ ಕಮಿಟ್, ಲಾರಾವೆಲ್ ತಂದದ್ದು ಬೇರೆ ಕಮಿಟ್ ಇದ್ದರೆ ಮುಂದೆ ಯಾವ ಸಾಲು ಎಲ್ಲಿಂದ ಬಂತೆಂದು ಹುಡುಕುವುದು ಸುಲಭ.

ಪಕ್ಕದ ಫೋಲ್ಡರ್‌ನಲ್ಲಿ ಲಾರಾವೆಲ್ ಇಳಿಸಿ

'ಮಂಡಿ'ಯಿಂದ ಒಂದು ಮೆಟ್ಟಿಲು ಹೊರಗೆ ಬನ್ನಿ:

ಸಿಡಿ ..
ಕಂಪೋಸರ್ ಕ್ರಿಯೇಟ್-ಪ್ರಾಜೆಕ್ಟ್ --ನೋ-ಇನ್‌ಸ್ಟಾಲ್ --ನೋ-ಸ್ಕ್ರಿಪ್ಟ್ಸ್ ಲಾರಾವೆಲ್/ಲಾರಾವೆಲ್ ಮಂಡಿ-ಹೊಸ "12.*"

ನೋ-ಇನ್‌ಸ್ಟಾಲ್ ಕೊಟ್ಟರೆ ಪ್ರಾಜೆಕ್ಟಿನ ಅಸ್ಥಿಪಂಜರ ಮಾತ್ರ ಬರುತ್ತದೆ, ಪ್ಯಾಕೇಜುಗಳು ಕೂರುವ ವೆಂಡರ್ ಫೋಲ್ಡರ್ ಬರುವುದಿಲ್ಲ. ವೆಂಡರ್‌ನಲ್ಲಿ ಸಾವಿರಾರು ಸಣ್ಣ ಕಡತಗಳಿರುತ್ತವೆ, ಆ್ಯಂಟಿವೈರಸ್ ಇರುವ ವಿಂಡೋಸ್‌ನಲ್ಲಿ ಅವನ್ನು ನಕಲು ಮಾಡುವುದು ಬಹಳ ನಿಧಾನ. ಕೊನೆಯ ಜಾಗಕ್ಕೆ ಬಂದ ಮೇಲೆ ಇಳಿಸಿದರಾಯಿತು. ನೋ-ಸ್ಕ್ರಿಪ್ಟ್ಸ್ ಯಾಕೆಂದರೆ, ಕ್ರಿಯೇಟ್-ಪ್ರಾಜೆಕ್ಟ್ ಮುಗಿದ ಕೂಡಲೇ ಗೂಢಲಿಪಿಯ ಕೀಲಿ ತಯಾರಿಸುವ ಆರ್ಟಿಸನ್ (ಲಾರಾವೆಲ್‌ನ ಸ್ವಂತ ಕಮಾಂಡ್ ಸಾಧನ) ಕಮಾಂಡ್ ತಾನಾಗಿ ಓಡುತ್ತದೆ. ವೆಂಡರ್ ಇಲ್ಲದೆ ಅದು ಕೆಂಪು ಅಕ್ಷರ ತೋರಿಸಿ ಬೀಳುತ್ತದೆ.

ಲಾರಾವೆಲ್ ಇನ್‌ಸ್ಟಾಲರ್ ಬಳಸುವ ಅಭ್ಯಾಸ ಇರುವವರಿಗೆ ಒಂದು ಕಟ್ಟುನಿಟ್ಟಿನ ಮಾತು. ಲಾರಾವೆಲ್ ನ್ಯೂ ಮಂಡಿ --ಫೋರ್ಸ್ ಎಂದು ಕೊಟ್ಟರೆ ಅದು ಹಳೆಯದರ ಜೊತೆಗೆ ಹೊಸದನ್ನು ಸೇರಿಸುವುದಿಲ್ಲ, ಇರುವ 'ಮಂಡಿ' ಫೋಲ್ಡರನ್ನೇ ಅಳಿಸಿ ಹೊಸದಾಗಿ ಮಾಡುತ್ತದೆ. .ಗಿಟ್ ಕೂಡ ಹೋಗುತ್ತದೆ. ಇದೇ ಕಾರಣಕ್ಕೆ ಫೋಲ್ಡರ್ ಹೆಸರಿನ ಬದಲು ಚುಕ್ಕಿ ಕೊಟ್ಟಾಗ ಫೋರ್ಸ್ ಬಳಸಲು ಇನ್‌ಸ್ಟಾಲರ್ ಬಿಡುವುದೇ ಇಲ್ಲ.

ಬೇರೆ ಫ್ರೇಮ್‌ವರ್ಕ್ ಆದರೂ ಕ್ರಮ ಇದೇ, ಪ್ಯಾಕೇಜ್ ಹೆಸರು ಮಾತ್ರ ಬೇರೆ: ಸಿಂಫನಿಗೆ ಸಿಂಫನಿ/ಸ್ಕೆಲಿಟನ್, ಕೋಡ್‌ಇಗ್ನೈಟರ್‌ಗೆ ಕೋಡ್‌ಇಗ್ನೈಟರ್4/ಆ್ಯಪ್‌ಸ್ಟಾರ್ಟರ್, ಕೇಕ್‌ಪಿಎಚ್‌ಪಿಗೆ ಕೇಕ್‌ಪಿಎಚ್‌ಪಿ/ಆ್ಯಪ್.

ಒಳಗೆ ತರುವುದು

ಲಿನಕ್ಸ್ ಅಥವಾ ವಿಂಡೋಸ್‌ನ ಗಿಟ್ ಬ್ಯಾಶ್‌ನಲ್ಲಿ:

ಸಿಪಿ -ಎಎನ್ ಮಂಡಿ-ಹೊಸ/. ಮಂಡಿ/

ಇಲ್ಲಿ 'ಎನ್' ಎಂದರೆ ಇರುವ ಕಡತದ ಮೇಲೆ ಬರೆಯಬೇಡ ಎಂದು. ಸ್ಲ್ಯಾಶ್ ನಂತರದ ಚುಕ್ಕಿ ಮರೆಯಬೇಡಿ. ಅದರ ಬದಲು ನಕ್ಷತ್ರ ಹಾಕಿದರೆ .ಇಎನ್‌ವಿ.ಎಕ್ಸಾಂಪಲ್ (ಪಾಸ್‌ವರ್ಡ್, ಸೆಟ್ಟಿಂಗ್ ಬರೆಯುವ .ಇಎನ್‌ವಿ ಕಡತದ ಮಾದರಿ), .ಗಿಟ್‌ಇಗ್ನೋರ್‌ನಂಥ ಚುಕ್ಕಿ ಕಡತಗಳು ಹಿಂದೆ ಉಳಿಯುತ್ತವೆ, ಆಮೇಲೆ 'ಇಎನ್‌ವಿ ಕಡತ ಎಲ್ಲಿ' ಎಂದು ಹುಡುಕಾಟ ಶುರುವಾಗುತ್ತದೆ. ವಿಂಡೋಸ್‌ನ ಮಾಮೂಲಿ ಕಮಾಂಡ್ ಪ್ರಾಂಪ್ಟ್‌ನಲ್ಲಿ:

ರೋಬೋಕಾಪಿ ಮಂಡಿ-ಹೊಸ ಮಂಡಿ /ಇ /ಎಕ್ಸ್‌ಸಿ /ಎಕ್ಸ್‌ಎನ್ /ಎಕ್ಸ್‌ಒ

ಕೊನೆಯ ಮೂರೂ ಸೇರಿ 'ಅಲ್ಲಿ ಇಲ್ಲದ್ದನ್ನು ಮಾತ್ರ ತಾ' ಎಂದಾಗುತ್ತದೆ. ರೋಬೋಕಾಪಿಯಲ್ಲಿ /ಎಂಐಆರ್ ಎಂಬುದೂ ಇದೆ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಗುರಿ ಫೋಲ್ಡರ್‌ನಿಂದ ಅಳಿಸುವುದು ಅದರ ಕೆಲಸ, ಅಂದರೆ 'ಹಳೆ'ಯೂ ಹೋಯಿತು, .ಗಿಟ್ ಕೂಡ ಹೋಯಿತು. ಅದನ್ನು ಮುಟ್ಟಬೇಡಿ.

ಈಗ ಒಂದೇ ಹೆಸರಿನ ಕಡತಗಳನ್ನು ಕೈಯಾರೆ ನೋಡಬೇಕು. ರೀಡ್‌ಮಿ ನಿಮ್ಮದೇ ಇರಲಿ. .ಗಿಟ್‌ಇಗ್ನೋರ್‌ನಲ್ಲಿ ಎರಡನ್ನೂ ಒಂದುಗೂಡಿಸಿ. ಲಾರಾವೆಲ್‌ನದರಲ್ಲಿರುವ .ಇಎನ್‌ವಿ, ವೆಂಡರ್, ನೋಡ್_ಮಾಡ್ಯೂಲ್ಸ್ ಸಾಲುಗಳು ಖಂಡಿತ ಇರಬೇಕು. ಮೊದಲ ಗಿಟ್ ಆ್ಯಡ್‌ಗಿಂತ ಮುಂಚೆಯೇ ಇದು ಆಗಬೇಕು. ಪಾಸ್‌ವರ್ಡ್ ಇರುವ ಕಡತ ಒಮ್ಮೆ ಕಮಿಟ್ ಆದರೆ ಆಮೇಲೆ ಅಳಿಸಿದರೂ ಇತಿಹಾಸದಲ್ಲಿ ಉಳಿಯುತ್ತದೆ. ಹಳೆ ಡಿಬಿ.ಪಿಎಚ್‌ಪಿ ಹೇಗೂ ಇತಿಹಾಸದಲ್ಲಿ ಇದ್ದೇ ಇದೆಯಲ್ಲ, ಆ ಪಾಸ್‌ವರ್ಡನ್ನು ಇದೇ ನೆಪದಲ್ಲಿ ಬದಲಿಸಿಬಿಡಿ.

ಹಳೆ ಸೈಟ್‌ನಲ್ಲೂ ಕಂಪೋಸರ್.ಜೇಸನ್ ಇತ್ತೆನ್ನಿ, ಬಿಲ್ಲಿನ ಪಿಡಿಎಫ್‌ಗೆ ಡಾಂಪಿಡಿಎಫ್, ಮೇಲ್‌ಗೆ ಪಿಎಚ್‌ಪಿಮೇಲರ್ ಹೀಗೆ. ಅದು ಈಗ 'ಹಳೆ' ಒಳಗಿದೆ. ಎರಡು ಜೇಸನ್ ಕಡತಗಳನ್ನು ಕತ್ತರಿಸಿ ಅಂಟಿಸುವ ಗೋಜಿಗೆ ಹೋಗಬೇಡಿ. ಲಾರಾವೆಲ್‌ನದನ್ನೇ ಇಟ್ಟುಕೊಂಡು, ಬೇಕಾದ ಪ್ಯಾಕೇಜನ್ನು ಕಂಪೋಸರ್ ರಿಕ್ವೈರ್ ಡಾಂಪಿಡಿಎಫ್/ಡಾಂಪಿಡಿಎಫ್ ಎಂದು ಮತ್ತೆ ಸೇರಿಸಿ. ಹೊಂದದ ಆವೃತ್ತಿಯಿದ್ದರೆ ಕಂಪೋಸರ್ ಅಲ್ಲೇ ಹೇಳುತ್ತದೆ. ಹಳೆ ಲಾಕ್ ಕಡತ ಬೇಡ. ವೆಂಡರ್ ಫೋಲ್ಡರನ್ನೇ ಗಿಟ್‌ಗೆ ಹಾಕಿದ್ದರೆ (ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇದು ಮಾಮೂಲು) ಗಿಟ್ ಆರ್‌ಎಂ -ಆರ್ --ಕ್ಯಾಷ್ಡ್ ಹಳೆ/ವೆಂಡರ್ ಕೊಟ್ಟು ಹೊರಗೆ ತೆಗೆಯಿರಿ.

ಚಾಲನೆ ಕೊಡುವುದು

ಸಿಡಿ ಮಂಡಿ
ಕಂಪೋಸರ್ ಇನ್‌ಸ್ಟಾಲ್
ಸಿಪಿ .ಇಎನ್‌ವಿ.ಎಕ್ಸಾಂಪಲ್ .ಇಎನ್‌ವಿ
ಪಿಎಚ್‌ಪಿ ಆರ್ಟಿಸನ್ ಕೀ:ಜನರೇಟ್

ಕಂಪೋಸರ್ ಇಳಿಸುವಷ್ಟರಲ್ಲಿ ಮಂಡಕ್ಕಿ-ಮೆಣಸಿನಕಾಯಿ ತಿಂದು ಬರಬಹುದು. ಮಧ್ಯೆ ಕರೆಂಟ್ ಹೋದರೆ ಅದೇ ಕಮಾಂಡ್ ಮತ್ತೆ ಕೊಡಿ. ಇಳಿಸಿ ಮುಗಿದ ಪ್ಯಾಕೇಜುಗಳು ಕ್ಯಾಷ್‌ನಲ್ಲಿರುತ್ತವೆ. ಕೀಲಿ ಕಮಾಂಡ್ .ಇಎನ್‌ವಿಯಲ್ಲಿ ಆ್ಯಪ್_ಕೀ ತುಂಬುತ್ತದೆ, ಕುಕಿಗಳನ್ನು ಗೂಢಲಿಪಿಗೆ ತಿರುಗಿಸುವುದು ಅದೇ. ಎನ್‌ಪಿಎಂ, ವೀಟ್ ಇತ್ಯಾದಿ ಮೊದಲ ದಿನ ಬೇಡ.

ಡೇಟಾಬೇಸ್ ವಿಷಯದಲ್ಲಿ ನಿಧಾನಿಸಿ. ಲಾರಾವೆಲ್ 11ರಿಂದ ಮಾಮೂಲಿ ಆಯ್ಕೆ ಎಸ್‌ಕ್ಯೂಲೈಟ್. ನಮ್ಮ ಹಳೆ ಲೆಕ್ಕವೆಲ್ಲ ಮೈಎಸ್‌ಕ್ಯೂಎಲ್‌ನಲ್ಲಿದೆ. ಹಾಗೆಂದು .ಇಎನ್‌ವಿಯಲ್ಲಿ ಹಳೆ ಡೇಟಾಬೇಸಿನ ಹೆಸರು ಬರೆದು ಮೈಗ್ರೇಟ್ ಕೊಡಬೇಡಿ. ಲಾರಾವೆಲ್ ತನ್ನದೇ ಯೂಸರ್ಸ್, ಸೆಷನ್ಸ್, ಕ್ಯಾಷ್, ಜಾಬ್ಸ್ ಟೇಬಲ್‌ಗಳನ್ನು ಮಾಡಲು ಹೋಗುತ್ತದೆ. ಹಳೆ ಸೈಟ್‌ನಲ್ಲೂ ಯೂಸರ್ಸ್ ಟೇಬಲ್ ಇದ್ದರೆ 'ಟೇಬಲ್ ಆಗಲೇ ಇದೆ' ಎಂಬ 1050 ದೋಷ ಬರುತ್ತದೆ. ಆ ದೋಷಕ್ಕೆ ಪರಿಹಾರ ಹುಡುಕಿದರೆ ಯಾರಾದರೂ ಮೈಗ್ರೇಟ್:ಫ್ರೆಶ್ ಕೊಡಿ ಎಂದು ಹೇಳಿಯೇ ಹೇಳುತ್ತಾರೆ. ಫ್ರೆಶ್ ಆ ಡೇಟಾಬೇಸಿನ ಎಲ್ಲ ಟೇಬಲ್‌ಗಳನ್ನೂ ಅಳಿಸುತ್ತದೆ, ಲಾರಾವೆಲ್ ಮಾಡಿದ್ದು ಯಾವುದು, ರೈತರ ಬಾಕಿ ಲೆಕ್ಕ ಯಾವುದು ಎಂಬ ಭೇದವಿಲ್ಲದೆ.

ಹೊಸದೊಂದು ಡೇಟಾಬೇಸ್ ಮಾಡಿ. ಅದರ ಹೆಸರನ್ನು .ಇಎನ್‌ವಿಯಲ್ಲಿ ಬರೆದು, ಡಿಬಿ_ಕನೆಕ್ಷನ್ ಅನ್ನು ಮೈಎಸ್‌ಕ್ಯೂಎಲ್ ಮಾಡಿ, ಮುಂದಿನ ಸಾಲುಗಳ ಆರಂಭದ ಹ್ಯಾಷ್ ಗುರುತು ತೆಗೆದು, ಆಮೇಲೆ ಪಿಎಚ್‌ಪಿ ಆರ್ಟಿಸನ್ ಮೈಗ್ರೇಟ್ ಕೊಡಿ. ಈ ಹೆಜ್ಜೆ ಬಿಟ್ಟರೆ ಮೊದಲ ಪುಟವೇ ತೆರೆಯುವುದಿಲ್ಲ, ಯಾಕೆಂದರೆ ಈಗಿನ ಲಾರಾವೆಲ್ ಸೆಷನ್ ಅನ್ನೂ ಡೇಟಾಬೇಸಿನಲ್ಲೇ ಇಡುತ್ತದೆ. ಹಳೆಯದನ್ನು ಕಾನ್ಫಿಗ್ ಫೋಲ್ಡರ್‌ನ ಡೇಟಾಬೇಸ್.ಪಿಎಚ್‌ಪಿಯಲ್ಲಿ ಎರಡನೇ ಕನೆಕ್ಷನ್ ಆಗಿ ಸೇರಿಸಿ. ಬರೆಯುವ ಅನುಮತಿ ಇಲ್ಲದ, ಓದುವುದಕ್ಕಷ್ಟೇ ಇರುವ ಮೈಎಸ್‌ಕ್ಯೂಎಲ್ ಬಳಕೆದಾರನನ್ನು ಅದಕ್ಕೆ ಕೊಟ್ಟರೆ ನಿದ್ದೆ ಚೆನ್ನಾಗಿ ಬರುತ್ತದೆ.

ಕನ್ನಡ ಡೇಟಾ ಇದ್ದರೆ ಇಲ್ಲೇ ಪರೀಕ್ಷಿಸಿ. ಲಾರಾವೆಲ್‌ನ ಮಾಮೂಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4, ಅದರಲ್ಲಿ ಕನ್ನಡಕ್ಕೆ ತೊಂದರೆಯಿಲ್ಲ. ಹಳೆ ಟೇಬಲ್ ಲ್ಯಾಟಿನ್1 ಆಗಿದ್ದರೆ ರೈತರ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣಬಹುದು. ಯೂನಿಕೋಡ್ ಅಲ್ಲದ ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಹೆಸರುಗಳದ್ದು ಬೇರೆ ಕಥೆ, ಅವು ಡೇಟಾಬೇಸಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕೂತಿರುತ್ತವೆ. ಕ್ಯಾರೆಕ್ಟರ್ ಸೆಟ್ ಬದಲಿಸಿದರೆ ಅವು ಸರಿಹೋಗುವುದಿಲ್ಲ, ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಜೊತೆಗೆ ಕಾನ್ಫಿಗ್‌ನ ಆ್ಯಪ್.ಪಿಎಚ್‌ಪಿಯಲ್ಲಿ ಟೈಮ್‌ಜೋನ್ ಅನ್ನು ಏಷ್ಯಾ/ಕೋಲ್ಕತಾ ಮಾಡಿ. ಮೊದಲಿಗೆ ಇರುವುದು ಯುಟಿಸಿ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ 4ಕ್ಕೆ ಬಂದ ಲಾರಿಯ ಚೀಟಿಗೆ ನಿನ್ನೆಯ ತಾರೀಖು ಬಿದ್ದು, ಆ ದಿನದ ದರವೇ ತಪ್ಪಾಗುತ್ತದೆ.

ಇಷ್ಟಾದ ಮೇಲೆ ಪಿಎಚ್‌ಪಿ ಆರ್ಟಿಸನ್ ಸರ್ವ್ ಕೊಟ್ಟು ಬ್ರೌಸರ್‌ನಲ್ಲಿ 127.0.0.1:8000 ತೆರೆದರೆ ಲಾರಾವೆಲ್‌ನ ಸ್ವಾಗತ ಪುಟ ಬರಬೇಕು. ಲಿನಕ್ಸ್‌ನಲ್ಲಿ ಅಪಾಚೆ ಮೂಲಕ ತೆರೆದಾಗ ಅನುಮತಿಯ ದೋಷ ಬಂದರೆ ಸ್ಟೋರೇಜ್ ಮತ್ತು ಬೂಟ್‌ಸ್ಟ್ರ್ಯಾಪ್/ಕ್ಯಾಷ್ ಫೋಲ್ಡರ್‌ಗಳ ಗುಂಪನ್ನು ವೆಬ್ ಸರ್ವರ್‌ನ ಗುಂಪಿಗೆ ಬದಲಿಸಿ 775 ಕೊಡಿ. 777 ಬೇಡ.

ಬಾಗಿಲು ಬದಲಾಗಿದೆ: ಪಬ್ಲಿಕ್ ಫೋಲ್ಡರ್

ಹಳೆ ಸೈಟ್‌ನಲ್ಲಿ ಫೋಲ್ಡರ್‌ನ ಬೇರಿನಲ್ಲೇ ಇಂಡೆಕ್ಸ್.ಪಿಎಚ್‌ಪಿ ಇತ್ತು, ಅಪಾಚೆ ಅಲ್ಲಿಂದಲೇ ಎಲ್ಲವನ್ನೂ ಬಡಿಸುತ್ತಿತ್ತು. ಲಾರಾವೆಲ್‌ನಲ್ಲಿ ಹೊರಗಿನವರಿಗೆ ಕಾಣಬೇಕಾದದ್ದು ಪಬ್ಲಿಕ್ ಫೋಲ್ಡರ್ ಒಂದೇ. ಇರುವ ಫೋಲ್ಡರ್‌ನಲ್ಲಿ ಕೂರಿಸಿದವರು ಡಾಕ್ಯುಮೆಂಟ್ ರೂಟ್ (ಅಪಾಚೆ ಹೊರಗಿನವರಿಗೆ ಬಡಿಸುವ ಫೋಲ್ಡರ್) ಬದಲಿಸದೇ ಬಿಟ್ಟರೆ ಸೈಟಿನ ವಿಳಾಸದ ಮುಂದೆ /.ಇಎನ್‌ವಿ ಎಂದು ಹೊಡೆದ ಯಾರಿಗಾದರೂ ಡೇಟಾಬೇಸ್ ಪಾಸ್‌ವರ್ಡ್ ಓದಲು ಸಿಗಬಹುದು. ಇದನ್ನೇ ಹುಡುಕಿಕೊಂಡು ಸುತ್ತುವ ಬಾಟ್‌ಗಳಿವೆ.

ಜ್ಯಾಂಪ್‌ನಲ್ಲಿ ಎಚ್‌ಟಿಟಿಪಿಡಿ-ವಿಹೋಸ್ಟ್ಸ್.ಕಾನ್ಫ್ ಕಡತ ತೆರೆದು ಹೊಸ ವರ್ಚುವಲ್ ಹೋಸ್ಟ್ ಸೇರಿಸಿ. ಡಾಕ್ಯುಮೆಂಟ್‌ರೂಟ್ ಸಾಲು 'ಮಂಡಿ/ಪಬ್ಲಿಕ್'ವರೆಗೆ ಹೋಗಬೇಕು. ಅದೇ ಫೋಲ್ಡರ್‌ಗೆ ಅಲೋಓವರ್‌ರೈಡ್ ಆಲ್ ಕೊಡಿ, ಇಲ್ಲದಿದ್ದರೆ ಮುಖಪುಟ ಮಾತ್ರ ತೆರೆದು ಉಳಿದ ಎಲ್ಲ ವಿಳಾಸಕ್ಕೂ 404 ಬರುತ್ತದೆ. ಅಪಾಚೆ ನಿಲ್ಲಿಸಿ ಮತ್ತೆ ಶುರು ಮಾಡಿ, /.ಇಎನ್‌ವಿ ತೆರೆದು ನೋಡಿ. 403 ಅಥವಾ 404 ಬಂದರೆ ಸರಿ.

ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಮುಖ್ಯ ಡೊಮೇನ್‌ನ ರೂಟ್ ಸಾಮಾನ್ಯವಾಗಿ ಪಬ್ಲಿಕ್_ಎಚ್‌ಟಿಎಂಎಲ್‌ಗೆ ಕಟ್ಟಿರುತ್ತದೆ, ಬದಲಿಸಲು ಬಿಡುವುದಿಲ್ಲ. ಅಲ್ಲಿ ಇಡೀ ಪ್ರಾಜೆಕ್ಟನ್ನು ಪಬ್ಲಿಕ್_ಎಚ್‌ಟಿಎಂಎಲ್‌ನ ಹೊರಗೆ, ಹೋಮ್ ಫೋಲ್ಡರ್‌ನಲ್ಲಿ ಇಟ್ಟು, ಪಬ್ಲಿಕ್ ಒಳಗಿನದನ್ನು ಮಾತ್ರ ಪಬ್ಲಿಕ್_ಎಚ್‌ಟಿಎಂಎಲ್‌ಗೆ ಹಾಕಿ. ಅದರ ಇಂಡೆಕ್ಸ್.ಪಿಎಚ್‌ಪಿಯಲ್ಲಿ ಮೇಂಟೆನನ್ಸ್, ಆಟೋಲೋಡ್, ಬೂಟ್‌ಸ್ಟ್ರ್ಯಾಪ್/ಆ್ಯಪ್ ಈ ಮೂರು ದಾರಿಗಳನ್ನು ಹೊಸ ಜಾಗಕ್ಕೆ ತಿದ್ದಿ. ಸಿಪ್ಯಾನೆಲ್‌ನಲ್ಲಿ ಇನ್ನೊಂದು ವಿಷಯ: ಪಿಎಚ್‌ಪಿ ಆವೃತ್ತಿ ಆರಿಸಿದಾಗ ಅದು .ಎಚ್‌ಟಿಆ್ಯಕ್ಸೆಸ್ ಒಳಗೆ ತನ್ನದೊಂದು ಹ್ಯಾಂಡ್ಲರ್ ತುಣುಕು ಬರೆದಿರುತ್ತದೆ. ಆ ಕಡತದ ಮೇಲೆ ಲಾರಾವೆಲ್‌ನದನ್ನು ಹಾಕಿ ಅಳಿಸಿದರೆ ಪಿಎಚ್‌ಪಿ ಹಳೆ ಆವೃತ್ತಿಗೆ ಜಾರಬಹುದು. ಆ ತುಣುಕು ಉಳಿಸಿಕೊಳ್ಳಿ.

ಹಳೆ ಪುಟಗಳು ನಡೆಯುತ್ತಲೇ ಇರಲಿ

ಎಲ್ಲವನ್ನೂ ಒಂದೇ ಸಲ ಹೊಸದಾಗಿ ಬರೆಯಬೇಕಿಲ್ಲ. ಪಬ್ಲಿಕ್‌ನಲ್ಲಿರುವ .ಎಚ್‌ಟಿಆ್ಯಕ್ಸೆಸ್ ಮೊದಲು 'ಈ ಹೆಸರಿನ ಕಡತ ನಿಜವಾಗಿ ಇದೆಯೇ' ಎಂದು ನೋಡುತ್ತದೆ. ಇದ್ದರೆ ಅದನ್ನೇ ಕೊಡುತ್ತದೆ, ಇಲ್ಲದಿದ್ದರೆ ಮಾತ್ರ ಲಾರಾವೆಲ್‌ಗೆ ಒಪ್ಪಿಸುತ್ತದೆ. ಹಾಗಾಗಿ ಚೀಟಿ.ಪಿಎಚ್‌ಪಿಯನ್ನು 'ಹಳೆ'ಯಿಂದ ಪಬ್ಲಿಕ್‌ಗೆ ಸರಿಸಿದರೆ ಹಳೆ ವಿಳಾಸದಲ್ಲೇ ಅದು ಕೆಲಸ ಮಾಡುತ್ತದೆ. ಅಪ್‌ಲೋಡ್ಸ್ ಫೋಲ್ಡರ್ ಕೂಡ ಪಬ್ಲಿಕ್‌ಗೆ ಬಂದರೆ ಫೋಟೊಗಳ ಲಿಂಕ್ ಮುರಿಯುವುದಿಲ್ಲ. ತರುವ ಮುಂಚೆ ಅದರೊಳಗೆ ಯಾವುದಾದರೂ .ಪಿಎಚ್‌ಪಿ ಕಡತ ಇದೆಯೇ ನೋಡಿ. ಫೋಟೊ ಫೋಲ್ಡರ್‌ನಲ್ಲಿ ಪಿಎಚ್‌ಪಿ ಇದ್ದರೆ ಅದು ನೀವು ಇಟ್ಟದ್ದಲ್ಲ, ಹೊರಗಿನವರು ನುಗ್ಗಿಸಿದ್ದಿರಬಹುದು.

ಹಳೆ ಇಂಡೆಕ್ಸ್.ಪಿಎಚ್‌ಪಿಯನ್ನು ಅದೇ ಹೆಸರಿನಲ್ಲಿ ಪಬ್ಲಿಕ್‌ಗೆ ತರುವಂತಿಲ್ಲ, ಲಾರಾವೆಲ್‌ನ ಬಾಗಿಲೇ ಅದು. ಹೋಮ್.ಪಿಎಚ್‌ಪಿ ಎಂದು ಬದಲಿಸಿ, ಮುಖಪುಟದ ರೂಟ್‌ನಿಂದ ಅಲ್ಲಿಗೆ ಕಳಿಸಿ. ಡಿಬಿ.ಪಿಎಚ್‌ಪಿ 'ಹಳೆ' ಒಳಗೇ ಇರಲಿ, ಚೀಟಿ.ಪಿಎಚ್‌ಪಿಯ ಇನ್‌ಕ್ಲೂಡ್ ಸಾಲನ್ನು ಅಲ್ಲಿಗೆ ತಿದ್ದಿ. ಹಳೆ ರೀಡೈರೆಕ್ಟ್ ನಿಯಮಗಳಿದ್ದರೆ ಅವನ್ನು ಪಬ್ಲಿಕ್‌ನ .ಎಚ್‌ಟಿಆ್ಯಕ್ಸೆಸ್‌ನಲ್ಲಿ, ಲಾರಾವೆಲ್‌ಗೆ ಒಪ್ಪಿಸುವ ಕೊನೆಯ ನಿಯಮಕ್ಕಿಂತ ಮೇಲೆ ಸೇರಿಸಿ.

ಲಾಗಿನ್ ಮಾತ್ರ ಎರಡಾಗುತ್ತದೆ. ಹಳೆ ಪುಟಗಳು ಪಿಎಚ್‌ಪಿಯ ಸ್ವಂತ ಸೆಷನ್ ಬಳಸುತ್ತವೆ, ಲಾರಾವೆಲ್‌ನ ಸೆಷನ್ ಬೇರೆ. ಒಂದರಲ್ಲಿ ಒಳಗೆ ಹೋದವರನ್ನು ಇನ್ನೊಂದು ಗುರುತಿಸುವುದಿಲ್ಲ. ಇದನ್ನು ಸಾಹುಕಾರರಿಗೆ ಮೊದಲೇ ಹೇಳಿಡಿ, ಮತ್ತು ಲಾಗಿನ್ ಬೇಕಾದ ಪುಟಗಳನ್ನು ಗುಂಪಾಗಿ ಒಟ್ಟಿಗೇ ಹೊಸದಕ್ಕೆ ತನ್ನಿ.

ಕಮಿಟ್, ಆಮೇಲೆ ಸರ್ವರ್

ಗಿಟ್ ಸ್ಟೇಟಸ್ ನೋಡಿ. ಸಾಲಿನಲ್ಲಿ .ಇಎನ್‌ವಿ ಅಥವಾ ವೆಂಡರ್ ಕಂಡರೆ ನಿಲ್ಲಿಸಿ, .ಗಿಟ್‌ಇಗ್ನೋರ್ ಮತ್ತೆ ತೆರೆಯಿರಿ. ಕಂಪೋಸರ್.ಲಾಕ್ ಮಾತ್ರ ಕಮಿಟ್‌ನಲ್ಲಿ ಇರಲೇಬೇಕು, ಸರ್ವರ್‌ನಲ್ಲೂ ಇದೇ ಆವೃತ್ತಿಗಳು ಬರುವುದು ಅದರಿಂದ. ಎಲ್ಲ ಸರಿಯಿದ್ದರೆ ಕಮಿಟ್ ಮಾಡಿ, 'ಮಂಡಿ-ಹೊಸ' ಫೋಲ್ಡರನ್ನು ಅಳಿಸಿ.

ಸರ್ವರ್‌ಗೆ ಹಾಕುವಾಗ ಕಂಪೋಸರ್ ಇನ್‌ಸ್ಟಾಲ್ --ನೋ-ಡೆವ್ ಕೊಡಿ. ಅಲ್ಲಿಯ .ಇಎನ್‌ವಿಯನ್ನು ಬೇರೆಯಾಗಿ ಬರೆದು, ಆ್ಯಪ್_ಎನ್ವ್ ಅನ್ನು ಪ್ರೊಡಕ್ಷನ್, ಆ್ಯಪ್_ಡೀಬಗ್ ಅನ್ನು ಫಾಲ್ಸ್ ಮಾಡಿ. ಡೀಬಗ್ ಟ್ರೂ ಇದ್ದರೆ ಒಂದು ದೋಷ ಬಂದಾಗ ಒಳಗಿನ ದಾರಿಗಳು, ಕ್ವೆರಿಗಳು ಎಲ್ಲ ಗಿರಾಕಿಯ ಪರದೆಯ ಮೇಲೆ ಬರುತ್ತವೆ. ವೇಗಕ್ಕೆಂದು ಪಿಎಚ್‌ಪಿ ಆರ್ಟಿಸನ್ ಕಾನ್ಫಿಗ್:ಕ್ಯಾಷ್ ಕೊಟ್ಟಿದ್ದರೆ .ಇಎನ್‌ವಿಯಲ್ಲಿ ಮಾಡಿದ ಯಾವ ಬದಲಾವಣೆಯೂ ತಾನಾಗಿ ಹಿಡಿಯುವುದಿಲ್ಲ. ಪಾಸ್‌ವರ್ಡ್ ಬದಲಿಸಿದರೂ ಹಳೆ ದೋಷವೇ ಬರುತ್ತಿದೆ ಎಂದರೆ ಮೊದಲು ಕಾನ್ಫಿಗ್:ಕ್ಲಿಯರ್ ಕೊಟ್ಟು ನೋಡಿ.